ಆರಿದ ಬೆಳಕಿನ ಅಳತೆ

4 ಡಿಸೆಂಬರ್ 2007, ಮಂಗಳವಾರ

ಮೂರನೇ ಗಂಟೆ ಬಾರಿಸಿ! ಪರದೆ ಏಳಲಿ! ರಂಗದ ಮೇಲೆ ಬೆಳಕು ಬೀಳಲಿ!

ಎಂದು ಬರೆದು ಮುಗಿಸುವಷ್ಟರಲ್ಲಿ ಚಂದ್ರಾ ಲೇಔಟಿನ ಕರೆಂಟು ಹೋಯಿತು. ಸರಿಯಾದ ಮುಹೂರ್ತವೇ! ಮೇಣದಬತ್ತಿ ಹಚ್ಚಿಕೊಂಡು ಮುಂದುವರಿಸುತ್ತಿದ್ದೇನೆ. ಈ ನಾಟಕಕ್ಕೆ ಟಿಕೇಟಿಲ್ಲ, ಪ್ರೇಕ್ಷಕರಿಲ್ಲ. ಬರೆಯುವವಳು ನಾನು, ಓದುವವಳು ನಾನು, ಒನ್ಸ್ ಮೋರ್ ಎಂದು ಕೂಗುವವಳೂ ಚಪ್ಪಲಿ ಎಸೆಯುವವಳೂ ನಾನೇ.

ಪಾತ್ರಗಳ ಪರಿಚಯವಾಗಲಿ. ನಾಯಕಿ ಗುರುದೇವಿ. ಗದಗ ಸೀಮೆಯ ನಾಟಕ ಕಂಪನಿಯೊಂದರ ಡೇರೆಯಲ್ಲಿ ಹುಟ್ಟಿ, ಬಣ್ಣದ ಪೆಟ್ಟಿಗೆಯ ಮೇಲೆ ಮಲಗಿ ಬೆಳೆದು, ಅದ್ಯಾವ ಗ್ರಹಚಾರಕ್ಕೋ ಭೌತಶಾಸ್ತ್ರ ಓದಿ, ಈಗ ಕೆಂಗೇರಿ ದಾರಿಯ ಸಂಶೋಧನಾ ಸಂಸ್ಥೆಯೊಂದರಲ್ಲಿ ಪಿಎಚ್.ಡಿ. ಎಂಬ ವನವಾಸದಲ್ಲಿರುವವಳು. ರಾಜಮಾತೆ ಶಂಕ್ರವ್ವ, ನನ್ನ ಅವ್ವ. ಮೈಕಿಲ್ಲದೆ ಕಟ್ಟಕಡೆಯ ನೆಲದ ಸಾಲಿನವನ ಎದೆ ನಡುಗಿಸಿದವಳು! ಅವಳು ರಂಗದ ಮೇಲೆ ಶಾಪ ಹಾಕಿದರೆ ಮುಂದಿನ ಸಾಲಿನ ಗೌಡರು ಪೇಟ ತೆಗೆದು ಕೈ ಮುಗಿಯುತ್ತಿದ್ದರು. ಗಣೇಶನ ಹಬ್ಬದ ಮರುವಾರ ಅವಳಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಕೈ ಸ್ವಲ್ಪ ಮರಳಿದೆ. ಮಾತು ಮರಳಿಲ್ಲ. ಕೇಳಿದ್ದೆಲ್ಲ ತಿಳಿಯುತ್ತದೆ, ಹೇಳಬೇಕೆಂದರೆ ಪದ ಸಿಗುವುದಿಲ್ಲ.

ಇನ್ನು ಕಥೆಯ ಕುತ್ತು. ಮಾರ್ಚ್ ಕೊನೆಗೆ ನನ್ನ ಫೆಲೋಶಿಪ್ ಮುಗಿಯುತ್ತದೆ, ಆಮೇಲೆ ಲ್ಯಾಬಿನ ಬಾಗಿಲೂ ಮುಚ್ಚುತ್ತದೆ. ಅಷ್ಟರೊಳಗೆ ಒಂದು ಪ್ರೋಟೀನಿನ ಎರಡು ತುದಿಗಳು ಪರಸ್ಪರ ಮುಟ್ಟುತ್ತವೆ ಎಂದು ನಾನು ತೋರಿಸಬೇಕು. ತೋರಿಸಿದರೆ ಪದವಿ. ಇಲ್ಲದಿದ್ದರೆ ಐದು ವರ್ಷ ಮಣ್ಣುಪಾಲು!

ಮೇಣ ಕೈಮೇಲೆ ಬಿತ್ತು. ಪರದೆ.

11 ಡಿಸೆಂಬರ್, ಮಂಗಳವಾರ

ಇಂದು ಅವ್ವನ ಮುಂದೆ ನನ್ನ ಇಡೀ ಸಂಶೋಧನೆಯನ್ನು ಏಕಪಾತ್ರಾಭಿನಯ ಮಾಡಿ ತೋರಿಸಿದೆ.

ಲಂಗದ ಲಾಡಿ ತೆಗೆದುಕೊಂಡೆ. "ಅವ್ವಾ, ಇದ ಪ್ರೋಟೀನು ಅನಕೋ. ಉದ್ದನ ದಾರ, ತನ್ನಷ್ಟಕ್ಕ ತಾನ ಮಡಚಿಕೊಂತದ, ಬಿಚ್ಚಿಕೊಂತದ." ಲಾಡಿಯ ಒಂದು ತುದಿಗೆ ಟಾರ್ಚು ಕಟ್ಟಿದೆ. "ಇದು ಬಣ್ಣದ ಕಣ. ಲೇಸರ್ ಬಿದ್ರ ಹೊಳೀತದ." ಇನ್ನೊಂದು ತುದಿಯನ್ನು ನನ್ನ ಮುಷ್ಟಿಯಲ್ಲಿ ಹಿಡಿದೆ. "ಇಲ್ಲಿ ಟ್ರಿಪ್ಟೊಫ್ಯಾನ್ ಅಂತ ಒಬ್ಬಾಕಿ ಕುಂತಾಳ. ಆಕಿ ದೂರ ಇರೋತನಕ ದೀಪ ಉರೀತದ. ಬಂದು ಮೈಗೆ ಮೈ ತಾಗಿಸಿದ್ಲೋ," ಎಂದು ಟಾರ್ಚಿನ ಗಾಜನ್ನು ಮುಷ್ಟಿಯಿಂದ ಮುಚ್ಚಿ ಘರ್ಜಿಸಿದೆ, "ಅಂಧಕಾರ!"

ಅವ್ವನ ಎಡಗಣ್ಣು ನಕ್ಕಿತು. ನಕ್ಕಿತು, ಖಂಡಿತ!

ಎಷ್ಟು ಹತ್ತಿರ ಬರಬೇಕು? ತಲೆಗೂದಲ ದಪ್ಪವನ್ನು ಲಕ್ಷ ಪಾಲು ಮಾಡಿದರೆ ಒಂದು ಪಾಲು. ಯಾವ ಅಳತೆಗೋಲೂ ತೂರದ ಜಾಗ ಅದು. ಅಲ್ಲಿ ದೀಪ ಆರುವುದೇ ಅಳತೆ. ಆರಿದರೆ ತುದಿಗಳು ಕೂಡಿವೆ, ಉರಿದರೆ ಅಗಲಿವೆ. ಸಾವಿರಾರು ಕಣಗಳನ್ನು ಒಟ್ಟಿಗೆ ನೋಡಿದರೆ ಸಂತೆಯ ಗದ್ದಲದಂತೆ ಏನೂ ತಿಳಿಯುವುದಿಲ್ಲ. ಅದಕ್ಕೇ ಒಂದೊಂದೇ ಕಣವನ್ನು ಗಾಜಿನ ಮೇಲೆ ಕೂರಿಸಿ ನೋಡುತ್ತೇನೆ.

ಅವ್ವ ಏನೋ ಹೇಳಹೊರಟಳು. "ಹಂ..." ಎಂದಳು. "ಹಂ..."

"ಹಣತಿ?" ಎಂದೆ. ಅಲ್ಲವೆಂದು ತಲೆಯಾಡಿಸಿದಳು. "ಹಂದರ? ಹಂಚು? ಹಂಗು?" ಅವ್ವನ ತುಟಿ ಇನ್ನೂ ಆಡುತ್ತಿತ್ತು. "ಹಂಸ! ಹಂಸತೂಲಿಕಾ ತಲ್ಪ!" ಎಂದೆ, ಅವಳ ಹಳೆಯ ಪಾರ್ಟಿನ ಸಾಲು ನೆನಪಾಗಿ. ಅವ್ವ ಗೋಡೆಯ ಕಡೆ ಮುಖ ಮಾಡಿದಳು.

ನಾನು ಬಿಡುವವಳೇ? ಹತ್ತು ವರ್ಷದವಳಿದ್ದಾಗಿನಿಂದ ಸೈಡ್‌ವಿಂಗಿನಲ್ಲಿ ನಿಂತು ಪ್ರಾಂಪ್ಟ್ ಮಾಡಿದ ಗಂಟಲು ಇದು. ಕಂಪನಿಯ ಕಾಯಿದೆ ಒಂದೇ: ನಟ ಒಂದು ಉಸಿರು ತಡೆದರೆ ಮುಂದಿನ ಮಾತು ಎಸೆ. ರಂಗದ ಮೇಲೆ ಮೌನ ಬಿತ್ತೋ, ನೆಲದ ಸಾಲಿನಿಂದ ಸೀಟಿ ಬಿತ್ತು. ಅವ್ವನ ಒಂದು ಮಾತನ್ನೂ ನಾನು ನೆಲಕ್ಕೆ ಬೀಳಲು ಬಿಟ್ಟವಳಲ್ಲ.

20 ಡಿಸೆಂಬರ್, ಗುರುವಾರ

ರಾಜಾಜಿನಗರದ ಮಾತಿನ ಡಾಕ್ಟರ ಬಳಿ ಅವ್ವನನ್ನು ಆಟೋದಲ್ಲಿ ಕರೆದೊಯ್ದೆ. ಎಳೆಯ ಹುಡುಗಿ. ಒಂದು ಚಿತ್ರ ತೋರಿಸಿ "ಇದೇನು ಅಜ್ಜಿ?" ಎಂದಳು. ಹಸುವಿನ ಚಿತ್ರ. ಅವ್ವ ಬಾಯಿ ತೆರೆಯುವ ಮೊದಲೇ ನಾನು "ಆಕಳು!" ಎಂದೆ.

"ಮೇಡಂ, ನಾನು ಅಜ್ಜೀನ ಕೇಳಿದ್ದು."

"ಆಕಿಗೆ ನೆನಪು ಮಾಡಿಕೊಟ್ಟೆ."

"ಮಾಡಿಕೊಡ್ಬೇಡಿ. ಪದ ಸಿಗೋವರ್ಗೂ ಸುಮ್ನೆ ಇರಿ. ಎಷ್ಟು ಹೊತ್ತಾದ್ರೂ ಸರಿ."

ಕೇಳಿದಿರಾ! ಪ್ರಾಂಪ್ಟರಿಗೆ ಸುಮ್ಮನಿರು ಎನ್ನುವ ಈ ವೈದ್ಯಶಿರೋಮಣಿಯ ಮಾತನ್ನು! ಮುಳುಗುತ್ತಿರುವವಳಿಗೆ ಹಗ್ಗ ಎಸೆಯಬೇಡ ಎಂದಂತೆ. ತಿಂಗಳಿಗೊಮ್ಮೆ ಬನ್ನಿ ಎಂದಳು. ಬರುವುದಿಲ್ಲ. ಮನೆಯಲ್ಲಿ ನಾನೇ ದಿನಕ್ಕೆ ನೂರು ಪದ ಹೇಳಿಕೊಡುತ್ತೇನೆ.

ಆದರೆ ಅವ್ವ ಈಗೀಗ "ಹಂ" ಅನ್ನುವುದನ್ನೂ ಬಿಟ್ಟಿದ್ದಾಳೆ. ನಾನು ಮನೆಗೆ ಬಂದ ಸದ್ದಾದರೆ ಕಣ್ಣು ಮುಚ್ಚಿಕೊಳ್ಳುತ್ತಾಳೆ. ದಣಿವು, ಪಾಪ.

3 ಜನವರಿ 2008, ಗುರುವಾರ

ಕತ್ತಲ ಕೋಣೆ. ಕಪ್ಪು ಪರದೆ. ಲೇಸರಿನ ಕೆಂಪು. ಎದುರಿಗೆ ಕಂಪ್ಯೂಟರಿನಲ್ಲಿ ಕಣದ ಬೆಳಕು ಎಷ್ಟೆಂದು ತೋರಿಸುವ ಗೆರೆ. ಯಾವ ಕಂಪನಿಗೂ ಇಷ್ಟು ಚಂದದ ಸೀನ್ ಇರಲಿಲ್ಲ, ಆಟ ಮಾತ್ರ ದಿನಾ ಫ್ಲಾಪು!

ಪ್ರತಿಯೊಂದು ಕಣದ್ದೂ ಅದೇ ಪಾರ್ಟು. ಉರಿಯುತ್ತದೆ, ಉರಿಯುತ್ತದೆ, ಗೆರೆ ಧೊಪ್ಪನೆ ಕೆಳಗೆ ಬೀಳುತ್ತದೆ, ಮುಗಿಯಿತು. ತುದಿಗಳು ಕೂಡಿ ಅಗಲಿ ಕೂಡಿ ಅಗಲಿದರೆ ದೀಪ ಮಿಣಮಿಣ ಮಿಟುಕಬೇಕಲ್ಲವೆ? ಮಿಟುಕೇ ಇಲ್ಲ. ಲೇಸರಿನ ಏಟು ತಿಂದು ತಿಂದು ಬಣ್ಣದ ಕಣ ಕಡೆಗೆ ಸುಟ್ಟು ಸಾಯುತ್ತದೆ. ಬ್ಲೀಚ್ ಆಯಿತು ಅನ್ನುತ್ತೇವೆ. ಸತ್ತ ಕಣ ಮತ್ತೆ ಏಳುವುದಿಲ್ಲ. ಗೆರೆ ಬಿದ್ದ ಕೂಡಲೇ ನಾನು ಕೀಲಿ ಒತ್ತುತ್ತೇನೆ, ಸೂಕ್ಷ್ಮದರ್ಶಕ ಮುಂದಿನ ಕಣಕ್ಕೆ ಸರಿಯುತ್ತದೆ. ನನ್ನ ಬೆರಳಿನಷ್ಟು ಚುರುಕು ಬೆರಳು ಲ್ಯಾಬಿನಲ್ಲೇ ಇಲ್ಲ.

ಪಕ್ಕದ ಮೇಜಿನ ಕಲ್ಮೇಶ ಧಾರವಾಡದವನು, ಪರದೆ ಸರಿಸಿ ಇಣುಕಿದ. "ಏನಬೇ ಗುರುದೇವಿ, ಯಮನ ಪಾರ್ಟ್ ಮಾಡಾಕತ್ತಿಯೇನ? ಒಂದರ ಹಿಂದ ಒಂದು ಮುಗಿಸಾಕತ್ತಿ."

"ತೊಲಗಾಚೆ, ಬೆಳಕು ಒಳಗ ಬರತೈತಿ!"

"ಕಂಪನಿ ಮಾಲಕರ, ಚಾ ಕುಡದು ಬರ್ರಿ. ಹೆಣ ಎಲ್ಲಿಗೂ ಓಡಿ ಹೋಗಂಗಿಲ್ಲ."

ನಗಲಿಲ್ಲ. ಸಂಜೆ ನನ್ನ ಗೈಡ್ ಅನಘಾ ಮೇಡಂ ಕೇಳಿದರು, "ಏನಾದ್ರೂ ಕಾಣಿಸ್ತಾ?" ಇಲ್ಲ ಎಂದೆ. ಅವರು ಕನ್ನಡಕ ಒರೆಸಿಕೊಂಡರು. ಬೈದಿದ್ದರೆ ಚೆನ್ನಾಗಿತ್ತು. ಬೈಗುಳಕ್ಕೆ ನನ್ನ ಬಳಿ ಉತ್ತರಗಳಿವೆ.

15 ಜನವರಿ, ಮಂಗಳವಾರ. ಸಂಕ್ರಾಂತಿ

ಕೆಳಗಿನ ಮನೆಯ ಪುಟ್ಟಲಕ್ಷ್ಮಿ ಆಂಟಿ ಎಳ್ಳು ತಂದರು. ನಾನು ಲ್ಯಾಬಿಗೆ ಹೋದಾಗ ಅವ್ವನನ್ನು ನೋಡಿಕೊಳ್ಳುವವರು ಇವರೇ. ಬೇಕೆಂದು ಕೇಳಿದ್ದಲ್ಲ, ತಾವಾಗಿ ಮೆಟ್ಟಿಲು ಹತ್ತಿ ಬಂದವರು. ಅವ್ವನ ಎಡಗೈಗೆ ಎಳ್ಳು ಸುರಿದು, "ಎಳ್ಳು ಬೆಲ್ಲ ತಿಂದು..." ಎಂದು ನಿಲ್ಲಿಸಿ ಅವ್ವನ ಮುಖ ನೋಡುತ್ತ ಕೂತರು.

ಅವ್ವನ ತುಟಿ ಗುಂಡಗಾಯಿತು. "ಒ..."

"ಒಳ್ಳೇ ಮಾತಾಡು!" ಎಂದು ನಾನು ಮೊಳಗಿದೆ.

"ಅಯ್ಯೋ, ಸ್ವಲ್ಪ ತಡಿ ಕಣೇ! ಅವ್ರೇ ಅಂತಿದ್ರೇನೋ."

"ಆಂಟಿ, ಹಂಗ ತಡದ್ರ ಆಟ ನಿಂತು ಹೋಗತೈತಿ."

"ಯಾವ್ ಆಟನೇ? ಇಲ್ಲಿ ಯಾರು ಟಿಕೇಟ್ ತಗೊಂಡು ಕೂತವ್ರೆ?" ಎಂದು ಆಂಟಿ ಕೊಬ್ಬರಿ ಚೂರು ಬಾಯಿಗೆ ಹಾಕಿಕೊಂಡರು.

ಅವ್ವನ ಕೈಯಿಂದ ಎಳ್ಳು ಚೆಲ್ಲಿತು. ಹಾಸಿಗೆಯ ತುಂಬ. ಆರಿಸಿ ಆರಿಸಿ ನನ್ನ ಕಣ್ಣು ಮಂಜಾದವು. ಬಿಳಿ ಚಾದರದ ಮೇಲೆ ಎಳ್ಳು. ಗಾಜಿನ ಮೇಲೆ ನನ್ನ ಸತ್ತ ಕಣಗಳು. ದೇವರೇ, ಎಲ್ಲಿ ನೋಡಿದರೂ ಅದೇ.

ಮನಸ್ಸು ಸರಿಯಿಲ್ಲ. ಇಷ್ಟೇ.

6 ಫೆಬ್ರವರಿ, ಬುಧವಾರ

ಮಧ್ಯಾಹ್ನ ಮೊಬೈಲು ಬಡಿದುಕೊಂಡಿತು. ಲೇಸರು ಉರಿಯುತ್ತಿತ್ತು, ಒಂದು ಕಣದ ಗೆರೆ ಆಗತಾನೇ ಬಿದ್ದಿತ್ತು, ಬೆರಳು ಕೀಲಿಯ ಮೇಲಿತ್ತು. ಆಂಟಿಯ ಧ್ವನಿ: "ಗುರುದೇವಿ, ಬೇಗ ಬಾ ಕಣೇ! ಅಮ್ಮ ಮಾತಾಡಿದ್ರು!"

ಕೀಲಿ ಒತ್ತಲಿಲ್ಲ, ಏನೂ ಆರಿಸಲಿಲ್ಲ, ಚಪ್ಪಲಿಯನ್ನೂ ಸರಿಯಾಗಿ ಮೆಟ್ಟಲಿಲ್ಲ. ಮೈಸೂರು ರಸ್ತೆಯಲ್ಲಿ ಬಸ್ಸಿಗೆ ಕಾಯಲಾಗದೆ ಆಟೋ ಹಿಡಿದೆ. ದಾರಿಯುದ್ದಕ್ಕೂ ಬೇಗ, ಬೇಗ ಎಂದು ಕೂಗುತ್ತಿದ್ದೆ. ಆಟೋದವನು ತಿರುಗಿ "ಏನಕ್ಕ, ಹೆರಿಗೇನಾ ಮನೇಲಿ?" ಎಂದ. "ಹೂಂ, ನನ್ನವ್ವ ಹುಟ್ಟಿದಾಳ!" ಎಂದೆ.

ಮನೆಗೆ ನುಗ್ಗಿದರೆ ಮೊರದ ತುಂಬ ಅವರೇಕಾಯಿ. ಅವ್ವ ಎಡಗೈಯಲ್ಲಿ ಸುಲಿಯುತ್ತಿದ್ದಾಳೆ.

ಆಂಟಿ ಪಿಸುಗುಟ್ಟಿದರು. "ಸುಮ್ನೆ ಸುಲೀತಾ ಕೂತಿದ್ವಿ ಕಣೇ. ನಾನೂ ಏನೂ ಮಾತಾಡಿರ್ಲಿಲ್ಲ. ಒಂದು ಕಾಯಿ ಹಿಡ್ಕೊಂಡು ಬಾಳ ಹೊತ್ತು ನೋಡಿದ್ರು. ಆಮೇಲೆ 'ಹುಳ ಐತಿ' ಅಂದ್ರು. ಅಷ್ಟೇ. ಸ್ಪಷ್ಟವಾಗಿ."

ನಾನು ಅವ್ವನ ಮುಂದೆ ಮಂಡಿಯೂರಿದೆ. "ಅವ್ವಾ! ಮತ್ತೊಮ್ಮೆ ಅನ್ನು! ಹುಳ! ಹುಳ ಐತಿ! ಅನ್ನವ್ವಾ!" ಕೆನ್ನೆ ಹಿಡಿದೆ. "ಹು... ಹು... ಹುಳ!"

ಅವ್ವ ಮೊರವನ್ನು ದೂರ ತಳ್ಳಿದಳು.

ಸಂಜೆಯವರೆಗೆ ಕೂಗಿದೆ. ಏನೂ ಇಲ್ಲ. ಕಡೆಗೆ ಆಂಟಿಯ ಮೇಲೆ ಹರಿಹಾಯ್ದೆ: "ಆಂಟಿ, ನನಗ ಸಮಾಧಾನ ಮಾಡಾಕ ಸುಳ್ಳು ಹೇಳಬ್ಯಾಡ್ರಿ." ಅವರ ಮುಖ ಕೆಂಪಗಾಯಿತು. "ನಿನಗೆ ಸುಳ್ಳು ಹೇಳಿ ನಂಗೇನಾಗ್ಬೇಕೇ?" ಎಂದು ಮೊರ ಎತ್ತಿಕೊಂಡು ಇಳಿದು ಹೋದರು.

ಅವರೇಕಾಯಿ ಸಿಪ್ಪೆಯಲ್ಲಿ ಹುಳ ಇತ್ತು. ಈಗ ಗುಡಿಸುವಾಗ ನೋಡಿದೆ.

7 ಫೆಬ್ರವರಿ, ಗುರುವಾರ

ಲ್ಯಾಬಿಗೆ ಹೆದರುತ್ತ ಹೋದೆ. ಲೇಸರ್ ಬಿಟ್ಟು ಓಡಿದ್ದಕ್ಕೆ ಬೈಗುಳ ಕಾದಿರುತ್ತದೆ ಎಂದುಕೊಂಡಿದ್ದೆ. ಸಂಜೆ ಕಲ್ಮೇಶ ಅದನ್ನು ಆರಿಸಿದ್ದನಂತೆ. ಅವನು ನಗುತ್ತಿರಲಿಲ್ಲ.

"ಬಾ ಇಲ್ಲಿ. ನಿನ್ನ ಹೆಣ ಎದ್ದು ಕುಂತೈತಿ ನೋಡು."

ನಾನು ಕೀಲಿ ಒತ್ತದೆ ಹೋಗಿದ್ದರಿಂದ ದಾಖಲೆ ತನ್ನಷ್ಟಕ್ಕೆ ಓಡುತ್ತಲೇ ಇತ್ತು. ಗೆರೆ ಬಿದ್ದಿದೆ. ಕತ್ತಲು. ಕತ್ತಲು. ಕಂಪ್ಯೂಟರಿನಲ್ಲಿ ಮುಂದೆ ಸರಿಸಿದಷ್ಟೂ ಕತ್ತಲು. ನಾನಾಗಿದ್ದರೆ ಅಷ್ಟು ಹೊತ್ತಿಗೆ ಇಪ್ಪತ್ತು ಕಣ ದಾಟಿರುತ್ತಿದ್ದೆ. ಆಮೇಲೆ, ಯಾರೂ ನೋಡದ ಕೋಣೆಯಲ್ಲಿ, ಗೆರೆ ಎದ್ದು ನಿಂತಿದೆ. ಉರಿದಿದೆ. ಮತ್ತೆ ಬಿದ್ದಿದೆ. ಬಹಳ ಹೊತ್ತಿನ ಮೇಲೆ ಮತ್ತೆ ಎದ್ದಿದೆ.

ಸತ್ತಿರಲಿಲ್ಲ. ತುದಿಗಳು ಕೂಡಿದ್ದವು. ನಾನು ಮಿಟುಕು ಹುಡುಕುತ್ತಿದ್ದೆ. ಇವು ಒಮ್ಮೆ ಕೂಡಿದರೆ ಅಷ್ಟು ಬೇಗ ಬಿಡುವಂಥವಲ್ಲ. ಕೂಡಿ ಕತ್ತಲಾಗಿರುವಾಗ ಲೇಸರಿಗೂ ಸುಡಲಾಗುವುದಿಲ್ಲ. ಕತ್ತಲೇ ಅವುಗಳನ್ನು ಕಾಯುತ್ತದೆ.

ಖುಷಿಯಲ್ಲಿ ಕೂಗಬೇಕಿತ್ತು. ಹಳೆಯ ನೋಟ್‌ಬುಕ್ ತೆಗೆದು ಲೆಕ್ಕ ಹಾಕಿದೆ. ಐದು ವರ್ಷ ಎಷ್ಟು ಸಾವಿರ ಕಣ ನೋಡಿದ್ದೇನೆ! ಎಲ್ಲವೂ ಕತ್ತಲಾದ ಕ್ಷಣಕ್ಕೇ ನಾನು ಮುಂದೆ ಹೋಗಿದ್ದೇನೆ. ಆಮೇಲೆ ಎದ್ದವು ಎಷ್ಟು? ಯಾವುವು? ದಾಖಲೆಯೇ ಇಲ್ಲ. ನಾನೇ ಕತ್ತರಿಸಿದ್ದೇನೆ. ಈ ಚುರುಕು ಬೆರಳು!

ಕಲ್ಮೇಶ ಚಾ ತಂದಿಟ್ಟ.

19 ಫೆಬ್ರವರಿ, ಮಂಗಳವಾರ

ಅನಘಾ ಮೇಡಂ ಗೆರೆಯನ್ನು ಬಹಳ ಹೊತ್ತು ನೋಡಿದರು. "ಚೆನ್ನಾಗಿದೆ ಕಣಮ್ಮ. ನಿಜವಾಗ್ಲೂ. ಆದ್ರೆ ಬಣ್ಣದ ಕಣ ತಾನೇ ನಿದ್ದೆ ಹೋಗಿ ಎದ್ದಿರಬಹುದಲ್ವಾ?"

"ಇರಬಹುದು ಮೇಡಂ."

"ಟ್ರಿಪ್ಟೊಫ್ಯಾನ್ ತೆಗೆದ ಪ್ರೋಟೀನ್ ಇಟ್ಟು ನೋಡು. ಅದೂ ಹೀಗೇ ಎದ್ರೆ ನಮ್ ಕಥೆ ಸುಳ್ಳು. ಏಳದಿದ್ರೆ ನಿಜ. ಆಮೇಲೆ ಇಂಥವು ಇನ್ನೂ ನೂರಾರು ಬೇಕು. ಒಂದನ್ನಿಟ್ಕೊಂಡು ಥೀಸಿಸ್ ಬರಿಯಕ್ಕಾಗಲ್ಲ."

ನೂರಾರು! ಮೊದಲು ಒಂದು ಬೆಳಗಿನಲ್ಲಿ ನೂರು ದಾಟುತ್ತಿದ್ದೆ. ಈಗ ಒಂದೊಂದರ ಮುಂದೆಯೂ ಕತ್ತಲಲ್ಲಿ ಕೂರಬೇಕು. ಮಾರ್ಚ್ ಇದಿರಿಗೇ ನಿಂತಿದೆ. ಸಮಯ ವಿಸ್ತರಿಸಿ ಎಂದು ಸಮಿತಿಗೆ ಕೇಳಿದ್ದೇವೆ. ಮೇಡಂ ಸಹಿ ಹಾಕಿದ್ದಾರೆ.

ಆಂಟಿಯ ಕ್ಷಮೆ ಕೇಳಿದೆ. "ಬಿಡೇ, ಅವರೇಕಾಯಿ ಮುಗೀತು ಈ ವರ್ಷದ್ದು" ಎಂದರು. ಆದರೂ ಜಗಳದ ಮಾರನೆಯ ದಿನವೇ ಮೆಟ್ಟಿಲು ಹತ್ತಿ ಬಂದಿದ್ದರಂತೆ.

6 ಮಾರ್ಚ್, ಗುರುವಾರ. ಶಿವರಾತ್ರಿ

ರಜೆ. ಲ್ಯಾಬಿನಲ್ಲಿ ನಾನೊಬ್ಬಳೇ.

ಟ್ರಿಪ್ಟೊಫ್ಯಾನ್ ಇಲ್ಲದವು ಬಿದ್ದರೆ ಬಿದ್ದವೇ. ಒಂದೂ ಏಳಲಿಲ್ಲ. ಹಾಗಾದರೆ ನಮ್ಮದು ನಿಜ.

ನಿಜವಾದ ಪ್ರೋಟೀನಿನವು ಕೆಲವು ಏಳುತ್ತವೆ, ಕೆಲವು ಏಳುವುದಿಲ್ಲ. ಕತ್ತಲಲ್ಲಿ ಎರಡೂ ಒಂದೇ ಥರ. ನೋಡಿ ಹೇಳಲು ಬರುವುದಿಲ್ಲ. ಕೀಲಿಯ ಮೇಲೆ ಬೆರಳಿದ್ದರೆ ತಾನಾಗಿ ಒತ್ತಿಬಿಡುತ್ತದೆ, ಅದಕ್ಕೆ ಎರಡೂ ಕೈಯನ್ನು ತೊಡೆಯ ಕೆಳಗಿಟ್ಟುಕೊಂಡು ಕೂರುತ್ತೇನೆ.

ಇಂದು ಎದ್ದವು ನಾಲ್ಕು.

ಸಂಜೆ ಮನೆಗೆ ಬಂದೆ. ಮೂಲೆಯ ಪೆಂಡಾಲಿನಲ್ಲಿ ಭಜನೆ. ಅವ್ವನ ಪಕ್ಕ ಮಂಚಕ್ಕೆ ಒರಗಿ ಕೂತೆ. ಹೇಳಿಕೊಡಬೇಕಾದ ಪದಗಳಿದ್ದವು, ಗಂಟಲೇ ಏಳಲಿಲ್ಲ. ಅವ್ವ ಕಣ್ಣು ಮುಚ್ಚಿಕೊಳ್ಳಲಿಲ್ಲ. ಅವಳೂ ಭಜನೆ ಕೇಳುತ್ತಿದ್ದಳೆಂದು ಕಾಣುತ್ತದೆ.

18 ಮಾರ್ಚ್, ಮಂಗಳವಾರ

ಸಮಿತಿ ಒಪ್ಪಲಿಲ್ಲ. ಐದು ವರ್ಷ ಆಯಿತು, ಫಲ ಇಲ್ಲ, ಸೂಕ್ಷ್ಮದರ್ಶಕಕ್ಕೆ ಹೊಸಬರು ಕಾದಿದ್ದಾರೆ.

ಮೇಡಂ ಬಾಗಿಲು ಹಾಕಿ ಹೇಳಿದರು. "ನಾನು ಜಗಳ ಆಡ್ದೆ ಕಣಮ್ಮ. ಆಗ್ಲಿಲ್ಲ. ಮುಂದಿನ ಸ್ಟೂಡೆಂಟ್ ಇದನ್ನ ಮುಗಿಸ್ತಾಳೆ. ಪೇಪರಲ್ಲಿ ನಿನ್ನ ಹೆಸರೂ ಇರುತ್ತೆ."

"ಆಗಲಿ ಮೇಡಂ."

"ಏನಾದ್ರೂ ಮಾತಾಡು ಗುರುದೇವಿ. ಬೈಯಾದ್ರೂ ಬೈ."

ಒಂದು ಕಾಲಕ್ಕೆ ಇಂಥ ಸೀನಿಗೆ ಎರಡು ಪುಟ ಮಾತು ಸಿದ್ಧವಿರುತ್ತಿತ್ತು. ಹುಡುಕಿದೆ. ಸಿಗಲಿಲ್ಲ. ಮೇಡಂ ಕಾದರು. ಆಮೇಲೆ ಅವರೇ ಕನ್ನಡಕ ತೆಗೆದು ಒರೆಸಿಕೊಂಡರು.

25 ಮಾರ್ಚ್, ಮಂಗಳವಾರ

ಹೊಸ ಹುಡುಗಿ ಬಂದಿದ್ದಾಳೆ, ಶಿಲ್ಪಾ. ಲೇಸರ್ ತೋರಿಸಿಕೊಟ್ಟೆ. ಮೊದಲ ಕಣದ ಗೆರೆ ಬಿದ್ದ ಕೂಡಲೇ "ಹೋಯ್ತಾ ಅಕ್ಕ? ನೆಕ್ಸ್ಟಾ?" ಎಂದಳು.

ಇಲ್ಲ ಎಂದೆ.

ಇಬ್ಬರೂ ಕೂತೆವು. ಆ ಕಣ ಏಳಲಿಲ್ಲ.

31 ಮಾರ್ಚ್, ಸೋಮವಾರ

ಕೀಲಿಕೈ ಒಪ್ಪಿಸಿದೆ. ಕಲ್ಮೇಶ ಗೇಟಿನವರೆಗೆ ಬಂದ. "ಕಂಪನಿ ಮಾಲಕರ," ಎಂದು ಶುರುಮಾಡಿ ಮುಂದೆ ಹೋಗಲಿಲ್ಲ. ಬಸ್ಸು ಬಂತು.

ಐದು ವರ್ಷದ ಸಾಮಾನು ಒಂದು ಬಟ್ಟೆ ಚೀಲದಲ್ಲಿ ಹಿಡಿಯಿತು.

ಮನೆ ಮುಟ್ಟುವಾಗ ಸಂಜೆ, ಕರೆಂಟಿರಲಿಲ್ಲ. ಆಂಟಿ ಇಳಿದು ಹೋಗಿದ್ದರು. ಮೇಣದಬತ್ತಿ ಹುಡುಕಲೂ ಮನಸ್ಸಾಗಲಿಲ್ಲ. ಅವ್ವನ ಮಂಚದ ಪಕ್ಕ ನೆಲಕ್ಕೆ ಕೂತೆ. ಚೀಲದಿಂದ ಲಂಗದ ಲಾಡಿ ಜಾರಿತು, ಟಾರ್ಚು ಕಟ್ಟಿದ್ದು. ಲ್ಯಾಬಿಗೆ ಯಾವಾಗ ಒಯ್ದಿದ್ದೆನೋ. ಟಾರ್ಚು ಒತ್ತಿದೆ, ಹತ್ತಲಿಲ್ಲ. ಸೆಲ್ ಮುಗಿದಿತ್ತು.

ಅವ್ವ ಅದನ್ನು ಕೈಗೆ ತೆಗೆದುಕೊಂಡಳು. ಗಾಜು ತಡವುತ್ತಿದ್ದ ಸದ್ದು ಕೇಳುತ್ತಿತ್ತು.

"ಹಂ..." ಎಂದಳು.

ಮತ್ತೆ ಅದೇ. ನನ್ನ ಕೈ ತೊಡೆಯ ಕೆಳಗಿತ್ತು. ನನಗೆ ಯಾವ ಪದವೂ ಹೊಳೆಯಲಿಲ್ಲ. ಬೀದಿಯಲ್ಲಿ ಯಾರೋ ಸ್ಕೂಟರು ಒದೆಯುತ್ತಿದ್ದರು, ಅದು ಹತ್ತಿ ಹೊರಟು ಹೋಯಿತು. ಎದುರು ಮನೆಯವರು ಕ್ಯಾಂಡಲ್ ಹಚ್ಚಿದರು.

"ಹಂಗಾರ..." ಎಂದಳು ಅವ್ವ.

ಅಲ್ಲಿಗೆ ಮಾತು ನಿಂತಿತು. ಬಹಳ ಹೊತ್ತು ನಿಂತಿತ್ತು.

"ಮತ್ತ... ಹತ್ತತೈತಿ?"

ಕಂಪನಿಯ ಕಂಠವಲ್ಲ. ಪಕ್ಕದಲ್ಲಿ ಕೂತವಳಿಗೆ ಮಾತ್ರ ಕೇಳುವಷ್ಟು.

"ಗೊತ್ತಿಲ್ಲವ್ವ," ಎಂದೆ. "ಕೆಲವು ಹತ್ತತಾವ. ಕೆಲವು ಹತ್ತಂಗಿಲ್ಲ."

ಅವ್ವ ಇನ್ನೂ ಏನನ್ನೋ ಹುಡುಕುತ್ತಿದ್ದಳು. ಉಸಿರು ಕೇಳುತ್ತಿತ್ತು. ಕರೆಂಟು ಬಂದಿರಲಿಲ್ಲ. ಕೂತಿದ್ದೆ.